ಶಿಬಿರದ ನೀರನ್ನು ಅಳೆಯಬೇಕಾದ್ದು ಡೇರೆಯೊಳಗಿನ ಕ್ಯಾನಿನಲ್ಲಿ

ನಿರಾಶ್ರಿತರ ಶಿಬಿರಗಳಲ್ಲಿ ನೆರವು ಸಂಸ್ಥೆಗಳ ಮುಖ್ಯಸ್ಥರು ‘ಇಷ್ಟು ಲಕ್ಷ ಲೀಟರ್ ನೀರು ಕೊಟ್ಟೆವು’ ಅನ್ನುತ್ತಾರೆ. ಅದು ಜನರಿಗೆ ಸಾಕಾಯಿತೇ, ಕುಡಿಯಲು ಯೋಗ್ಯವಾಗಿತ್ತೇ ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಡೇರೆಯೊಳಗೆ ಹೋಗಿ ಅಲ್ಲಿರುವ ಕ್ಯಾನು ನೋಡಬೇಕು. ಮುಖ್ಯಸ್ಥರ ವರದಿಯೂ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1994ರ ಜುಲೈಯಲ್ಲಿ ರುವಾಂಡಾದಿಂದ ಗಡಿ ದಾಟಿದ ಲಕ್ಷಾಂತರ ಜನ ಆಗಿನ ಝಾಯಿರ್ (ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶದ ಗೋಮಾ ಪಟ್ಟಣದ ಸುತ್ತಮುತ್ತ ನೆಲೆ ನಿಂತರು. ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು, ಬಹುಪಾಲು ಕಾಲರಾ, ಆಮಶಂಕೆಯಿಂದ. ಪಕ್ಕದಲ್ಲೇ ಕಿವು ಎಂಬ ದೊಡ್ಡ ಸರೋವರ. ನೀರಿಗೆ ಬರವಿರಲಿಲ್ಲ, ಶುದ್ಧ ನೀರಿಗಿತ್ತು. ನೆಲವೆಲ್ಲ ಜ್ವಾಲಾಮುಖಿಯ ಕಲ್ಲು, ಶೌಚದ ಗುಂಡಿ ತೋಡಲೂ ಆಗಲಿಲ್ಲ. ಆ ಆಘಾತದ ನಂತರ, 1997ರಲ್ಲಿ, ನೆರವು ಸಂಸ್ಥೆಗಳೇ ಸೇರಿ ‘ಸ್ಫಿಯರ್’ ಎಂಬ ಕನಿಷ್ಠ ಮಾನದಂಡಗಳ ಕೆಲಸ ಶುರು ಮಾಡಿದವು. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್. ಅಂದರೆ 10,000 ಜನರಿಗೆ 1.5 ಲಕ್ಷ ಲೀಟರ್, 10,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ 15 ಸಲ ಬರಬೇಕು.

ಇಷ್ಟು ನೀರು ಬಂದಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಒಂದು ನಲ್ಲಿಗೆ 250 ಜನ ಎಂಬ ಲೆಕ್ಕವಿದೆ. ಅದು ನಿಮಿಷಕ್ಕೆ 7.5 ಲೀಟರ್ ಸುರಿಯುವ ನಲ್ಲಿಗೆ. 250 ಜನರ 3,750 ಲೀಟರ್ ತುಂಬಲು ಅಂಥ ನಲ್ಲಿ 500 ನಿಮಿಷ, ಎಂಟು ಗಂಟೆಗೂ ಮೇಲೆ, ಬಿಡುವಿಲ್ಲದೆ ಓಡಬೇಕು. ಒತ್ತಡ ಕುಸಿದು ಹರಿವು ಅರ್ಧಕ್ಕಿಳಿದರೆ ಹದಿನಾರು ಗಂಟೆ ದಾಟುತ್ತದೆ. ಸಾಲಿನ ಕೊನೆಯಲ್ಲಿ ನಿಂತವರು ಕಾದು ಕಾದು ಹತ್ತಿರದ ಹೊಂಡಕ್ಕೆ ಹೋಗುತ್ತಾರೆ. ಟ್ಯಾಂಕಿನ ಲೆಕ್ಕ ಆಗಲೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಗಡಿಯಾರ ಹಿಡಿದು ಒಂದು ಬಕೆಟ್ ತುಂಬಿಸಿ ನೋಡಿ. ಸಾಲು 30 ನಿಮಿಷ ಮೀರಬಾರದು, ನಲ್ಲಿ 500 ಮೀಟರಿಗಿಂತ ದೂರ ಇರಬಾರದು.

ಇನ್ನು ಕ್ಲೋರಿನ್. ಹೆಚ್ಚು ತಪ್ಪಾಗುವುದು ಇಲ್ಲೇ. ನೀರು ರಾಡಿಯಾಗಿದ್ದರೆ (ರಾಡಿಯ ಅಳತೆಯಲ್ಲಿ 5 ಎನ್‌ಟಿಯು ಮೀರಿದರೆ) ಮೊದಲು ಪಟಿಕ ಹಾಕಿ ತಿಳಿಗೊಳಿಸಬೇಕು. ಇಲ್ಲವಾದರೆ ಹಾಕಿದ ಕ್ಲೋರಿನನ್ನೆಲ್ಲ ಕೆಸರೇ ನುಂಗುತ್ತದೆ. ಆಮೇಲೆ ಒಂದು ಲೀಟರ್ ನೀರಿಗೆ 65–70 ಶೇಕಡಾ ಸಾಂದ್ರತೆಯ ಕ್ಲೋರಿನ್ ಪುಡಿ 15 ಗ್ರಾಂ ಕಲಸಿ ಶೇ 1ರ ದ್ರಾವಣ ಮಾಡಿಕೊಳ್ಳಿ. ಶೇ 30ರ ಬ್ಲೀಚಿಂಗ್ ಪೌಡರ್ ಆದರೆ 33 ಗ್ರಾಂ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಲೋಹ ಬೇಡ. ಮಡ್ಡಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಳಸಿ. ನಾಲ್ಕು 20 ಲೀಟರ್ ಬಕೆಟ್ಟುಗಳಿಗೆ 1, 1.5, 2, 5 ಮಿಲಿಲೀಟರ್ ಹಾಕಿ ಕಲಕಿ, 30 ನಿಮಿಷ ಬಿಡಿ. ನಂತರ ಉಳಿಕೆ ಕ್ಲೋರಿನ್, ಅಂದರೆ ಕೊಳೆಗೆ ಖರ್ಚಾಗದೆ ನೀರಿನಲ್ಲಿ ಉಳಿದದ್ದನ್ನು, ಅಳೆಯಿರಿ: ಪರೀಕ್ಷಾ ನಳಿಕೆಗೆ ನೀರು ತುಂಬಿ ಡಿಪಿಡಿ ಎಂಬ ಪರೀಕ್ಷಾ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ, ಅದನ್ನು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಬೇಕು. ಬಣ್ಣ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲವೆಂದುಕೊಳ್ಳಬೇಡಿ, ವಿಪರೀತವಾಗಿದೆ. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ತೋರಿಸಿದ ಬಕೆಟ್ಟೇ ನಿಮ್ಮ ಅಳತೆ. ಅದು 2 ಮಿಲಿಲೀಟರಿನದಾದರೆ 10,000 ಲೀಟರ್ ಟ್ಯಾಂಕಿಗೆ ಒಂದು ಲೀಟರ್ ದ್ರಾವಣ. ಪುಡಿ ಗಾಳಿ, ತೇವ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಪ್ರತಿ ಹೊಸ ಡಬ್ಬಿಗೂ ನೀರಿನ ಮೂಲ ಬದಲಾದಾಗಲೂ ಈ ಪರೀಕ್ಷೆ ಮತ್ತೆ ಮಾಡಲೇಬೇಕು.

ನಲ್ಲಿಯಲ್ಲಿ 0.5 ಇದ್ದ ಕ್ಲೋರಿನ್ ಡೇರೆಯಲ್ಲಿ ರಾತ್ರಿಯ ಹೊತ್ತಿಗೆ ಸೊನ್ನೆಯಾಗಿರಬಹುದು. ಬಾಯಿ ಅಗಲದ ಪಾತ್ರೆಗೆ ಮಕ್ಕಳು ಲೋಟ ಅದ್ದುತ್ತಾರೆ, ಕೈ ಮುಳುಗುತ್ತದೆ. ಕ್ಯಾನಿನ ಒಳಗೋಡೆಗೆ ಬೆರಳು ತಾಗಿಸಿ ನೋಡಿ. ಲೋಳೆ ಹತ್ತಿದರೆ ಅದೇ ಕ್ಲೋರಿನನ್ನು ತಿನ್ನುತ್ತಿದೆ. ಅದಕ್ಕೇ ಕುಟುಂಬಕ್ಕೆ ಕಿರಿಬಾಯಿಯ, ಮುಚ್ಚಳವಿರುವ 10–20 ಲೀಟರಿನ ಎರಡು ಕ್ಯಾನು ಬೇಕು, ತರಲು ಒಂದು, ಇಡಲು ಇನ್ನೊಂದು. ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಾಗದ ಉಳಿತಾಯ. ಡೇರೆಗಳಲ್ಲಿ ಕ್ಲೋರಿನ್ ಉಳಿಯುತ್ತಿಲ್ಲವಾದರೆ ಮೊದಲು ಕ್ಯಾನು ತೊಳೆಸಿ, ಆಮೇಲೆ ನಲ್ಲಿಯ ಪ್ರಮಾಣ ಏರಿಸಿ. ಕಾಲರಾ ಹರಡಿದಾಗ ಸಾರ್ವಜನಿಕ ನಲ್ಲಿಯಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೂ ಇಡುತ್ತಾರೆ.

ನೀರು ಕೆಡದಿರಲು ಶೌಚಾಲಯವೂ ಬೇಕು: ಮೊದಲ ದಿನಗಳಲ್ಲಿ 50 ಜನರಿಗೆ ಒಂದು, ಬೇಗನೆ 20ಕ್ಕೆ ಒಂದು. ಹೆಂಗಸರಿಗೆ ಗಂಡಸರ ಮೂರು ಪಟ್ಟು ಇರಲಿ, ಚಿಲಕ ಒಳಗಿನಿಂದ ಬೀಳಲಿ, ರಾತ್ರಿ ದೀಪ ಉರಿಯಲಿ.

ನೀರು ವಾಸನೆ ಬರುತ್ತದೆ ಎಂದು ಜನ ಚೆಲ್ಲಿ ಹೊಂಡದ ನೀರನ್ನೇ ತರುತ್ತಿದ್ದರೆ ಬೈಯಬೇಡಿ. ಆ ನಲ್ಲಿಯಲ್ಲೇ ಅವರೆದುರು ಅಳೆದು ತೋರಿಸಿ. ಅಳತೆ ಹೆಚ್ಚಾಗಿದ್ದರೆ ಅವತ್ತೇ ಇಳಿಸಿ. ಸರಿಯಿದ್ದರೆ ಇಳಿಸದೆ, ಕುಡಿಯುವ ನೀರನ್ನು ಮುಚ್ಚಿದ ಕ್ಯಾನಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಬಳಸಲು ಹೇಳಿ, ಮರುದಿನ ಅದೇ ಡೇರೆಗೆ ಹೋಗಿ ಕ್ಯಾನಿನ ನೀರನ್ನು ಮತ್ತೆ ಅಳೆಯಿರಿ.