ಮೋಟಾರ್ ಆಮೇಲೆ, ಮೊದಲು ವೈರು ನೋಡಿ

ಸ್ಪರ್ಧೆಯಲ್ಲಿ ಬೇರೆ ರೋಬೋಟುಗಳ ಜೊತೆ ಹೊಡೆದಾಡುವ ತಂಗಿಯ ಮಗನ ಕಾದಾಟದ ರೋಬೋಟು ಮುಂಬಯಿಯ ಸಾಕಿನಾಕಾದ ನನ್ನ ಗಾಲಾದಲ್ಲಿ, ಅಂದರೆ ಸಣ್ಣ ವರ್ಕ್‌ಶಾಪಿನಲ್ಲಿ, ಎರಡು ತಿಂಗಳು ಕಾಲು ಚಾಚಿ ಮಲಗಿತ್ತು ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅದೇ ತಪ್ಪಾಯಿತು. ಮಿಕ್ಸಿ, ಪಂಪು, ಹೊಲಿಗೆ ಯಂತ್ರದ ಪ್ರಶ್ನೆಗಳೆಲ್ಲ ಹಿಂದೆ ಸರಿದು ಈ ಸಲ ಬರೀ ರೋಬೋಟಿನದ್ದೇ ಪತ್ರ. ಮಿಕ್ಸಿಯವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ನಾವು ಐದು ಜನ ಎಂಜಿನಿಯರಿಂಗ್ ಓದುವವರು. 60 ಕಿಲೋ ವರ್ಗಕ್ಕೆ ಒಂದು ರೋಬೋಟು ಮಾಡಿದ್ದೇವೆ. ಮುಂಭಾಗದಲ್ಲಿ 10 ಕಿಲೋ ತೂಕದ, 160 ಎಂಎಂ ವ್ಯಾಸದ, ಎರಡು ಹಲ್ಲಿನ ಡ್ರಮ್, ಅಂದರೆ ಎದುರಾಳಿಯನ್ನು ಹೊಡೆಯಲು ಗಿರಗಿರ ತಿರುಗುವ ಉರುಳೆ. 6000 ಆರ್‌ಪಿಎಂ. ಮೂರನೇ ಹೊಡೆತಕ್ಕೆ ಡ್ರಮ್ ನಿಂತೇಹೋಯಿತು. ಎದುರಾಳಿ ತಳ್ಳಿಕೊಂಡು ಹೋಗಿ ಗೋಡೆಗೆ ಒತ್ತಿದ. ಡ್ರಮ್ ಹೊತ್ತ ಶಾಫ್ಟು ಸೊಟ್ಟ, ಎಡಗಡೆ ವೆಲ್ಡಿಂಗ್ ಬಿರುಕು. ಬಿಚ್ಚಿ ನೋಡಿದರೆ ಮೋಟಾರು ತಿರುಗುತ್ತದೆ, ಅದರ ವೇಗ ಹಿಡಿಯುವ ಕಂಟ್ರೋಲರೂ ಸರಿ ಇದೆ. ಬ್ಯಾಟರಿ ಕನೆಕ್ಟರಿನ ಹತ್ತಿರ ವೈರು ಮಾತ್ರ ಕಪ್ಪಾಗಿದೆ. ಚಂದಾ ಎತ್ತಿ ದೊಡ್ಡ ಮೋಟಾರು ತರೋಣ ಅಂತಿದ್ದೇವೆ. ಯಾವುದು ತರಬೇಕು?
— ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಯಾವುದೂ ಬೇಡ ಮಗಳೇ. ಉತ್ತರ ನಿನ್ನ ಪತ್ರದಲ್ಲೇ ಇದೆ, ಕೊನೆಯ ಸಾಲಿನ ಹಿಂದೆ ಅಡಗಿ ಕೂತಿದೆ. ಮೋಟಾರು ಸತ್ತಿಲ್ಲ, ಅದಕ್ಕೆ ಅನ್ನ ಸಿಕ್ಕಿಲ್ಲ. ದೊಡ್ಡದು ತಂದರೆ ಹಸಿವೂ ದೊಡ್ಡದು, ಅದೇ ವೈರು ಇನ್ನೂ ಬೇಗ ಸುಡುತ್ತದೆ.

ರಾತ್ರಿ ಶಾಲೆಯಲ್ಲಿ ನಮಗೆ ಕಲಿಸಿದ ಲೆಕ್ಕವನ್ನೇ ಇಲ್ಲಿ ಮಾಡೋಣ. ಹೊಡೆತ ಬಿದ್ದು ಡ್ರಮ್ ನಿಂತಾಗ ಅದನ್ನು ಮತ್ತೆ ಎಬ್ಬಿಸಲು ಮೋಟಾರು 150 ಆಂಪಿಯರ್ ಎಳೆಯಿತು ಅಂದುಕೋ. ನಿಮ್ಮ ಕೆಂಪು, ಕಪ್ಪು ವೈರು ಎರಡೂ ಸೇರಿ ಒಂದೂವರೆ ಮೀಟರ್, ದಪ್ಪ 4 ಚದರ ಎಂಎಂ ಇದ್ದರೆ, ಆ ತಾಮ್ರದಲ್ಲೇ ಸುಮಾರು 145 ವ್ಯಾಟ್ ಶಾಖವಾಗಿ ಹೋಗುತ್ತದೆ. 25 ವ್ಯಾಟಿನ ಆರು ಸೋಲ್ಡರಿಂಗ್ ಐರನ್ನುಗಳನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದ ಹಾಗೆ. 10 ಚದರ ಎಂಎಂ ವೈರು ಹಾಕು, ಅದು 58ಕ್ಕೆ ಇಳಿಯುತ್ತದೆ. ಹೊಸ ಮೋಟಾರಿನ ಚಂದಾದಲ್ಲಿ ಇದು ಚಹಾದ ಖರ್ಚು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಲಿಕಾನ್ ಹೊದಿಕೆಯ, ಕೂದಲಿನಂಥ ಸಣ್ಣ ಎಳೆಗಳ ವೈರು ಕೇಳಿ ತಾ. ಮನೆಯ ವೈರಿಂಗಿನದ್ದು ತರಬೇಡ.

ಕನೆಕ್ಟರಿನ ಬುಡವನ್ನು ಭೂತಗನ್ನಡಿ ಹಿಡಿದು ನೋಡು. ಬೆಸುಗೆಯ ಸೀಸ ವೈರಿನೊಳಗೆ ಒಂದು ಸೆಂಟಿಮೀಟರಿನಷ್ಟು ಹೀರಿಕೊಂಡು ಹೋಗಿರುತ್ತದೆ. ಅಲ್ಲಿಯವರೆಗೆ ವೈರು ಕಡ್ಡಿಯ ಹಾಗೆ ಗಟ್ಟಿ, ಅದರಾಚೆ ಮೆತ್ತಗೆ. ಪ್ರತಿ ಹೊಡೆತಕ್ಕೂ ವೈರು ಬಾಗುವುದು ಸರಿಯಾಗಿ ಆ ಗಡಿಯಲ್ಲೇ. ಒಂದೊಂದೇ ಎಳೆ ತುಂಡಾಗುತ್ತದೆ, ಉಳಿದ ಎಳೆಗಳಿಗೆ ಹೊರೆ ಹೆಚ್ಚುತ್ತದೆ, ಅಲ್ಲೇ ಕಪ್ಪಾಗುತ್ತದೆ. ಕಂಟ್ರೋಲರಿನ ಕಡೆ ವೈರಿನ ತುದಿಗೆ ಲಗ್ (ತೂತಿರುವ ಲೋಹದ ತುದಿ) ಒತ್ತಿ ಬೋಲ್ಟ್ ಮಾಡು. ಬ್ಯಾಟರಿಯ ಕಡೆ ಬೆಸುಗೆ ಬೇಕೇ ಬೇಕಾದರೆ, ಕನೆಕ್ಟರಿನಿಂದ ನಾಲ್ಕು ಬೆರಳು ಆಚೆ ವೈರನ್ನು ಚಾಸಿಸ್ಸಿಗೆ ಕಟ್ಟಿಹಾಕು, ಬೆಸುಗೆಯ ಹತ್ತಿರ ಅಲುಗಾಟವೇ ಬರಬಾರದು.

ಇನ್ನು ಶಾಫ್ಟು. ಇದನ್ನು ಬರೆಯಲು ನನಗೇ ನಾಚಿಕೆ. ಅಳಿಯನ ರೋಬೋಟಿಗೆ ಶಾಫ್ಟು ತಿರುಗಿಸಿಕೊಟ್ಟವನು ನಾನೇ. ಒಂದು ಅಂಗಡಿಯಲ್ಲಿ ಇಎನ್24 ಎಂಬ ಗಟ್ಟಿ ಮಿಶ್ರ ಉಕ್ಕು ಎಂದು ರಾಡು ಕೊಟ್ಟರು, ತುದಿಗೆ ಬಣ್ಣ ಕೂಡ ಬಳಿದಿತ್ತು. ಲೇತಿಗೆ ಹಾಕಿದಾಗಲೇ ಟೂಲು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ಮೇಲ್ಮೈ ಹರಿದ ಬಟ್ಟೆಯ ಹಾಗೆ ಬಂತು. ನನ್ನ ಒಳಮನಸ್ಸು ಹೇಳಿತು, ಇದು ಎಂಎಸ್ ಕಣಾ, ಮೆತ್ತನೆಯ ಸಾದಾ ಉಕ್ಕು ಅಂತ. ಮರುದಿನವೇ ಪವೈಯಲ್ಲಿ ಸ್ಪರ್ಧೆ, ಗಡಿಬಿಡಿ, ಬಾಯಿ ಮುಚ್ಚಿ ಫಿನಿಷ್ ಮಾಡಿಬಿಟ್ಟೆ. ಎರಡನೇ ಪಂದ್ಯಕ್ಕೆ ಶಾಫ್ಟು ಬಾಳೆಹಣ್ಣು. ಆಮೇಲೆ ಹೀಟ್ ಟ್ರೀಟ್‌ಮೆಂಟಿನವರ ಹತ್ತಿರ ಒತ್ತಿಸಿ ನೋಡಿದರೆ ಗಡಸುತನ ಅಳೆಯುವ ಬ್ರಿನೆಲ್ ಲೆಕ್ಕದಲ್ಲಿ 130 ದಾಟಲಿಲ್ಲ. ಹದ ಮಾಡಿದ ಇಎನ್24 ಅಂದರೆ 250ರಿಂದ 300 ಇರಬೇಕು. ಅಂಗಡಿಯವನು ಸುಳ್ಳು ಹೇಳಿದ, ಸರಿ. ನಲವತ್ತು ವರ್ಷ ಲೇತಿನ ಮುಂದೆ ನಿಂತವನು ಗೊತ್ತಿದ್ದೂ ಸುಮ್ಮನಿದ್ದೆನಲ್ಲ, ಅದಕ್ಕೆ ಏನು ಹೇಳಲಿ. ತಂಗಿ ಇನ್ನೂ ಆಡಿಸುತ್ತಾಳೆ.

ಹಾಗಾಗಿ ರಾಡು ತಂದ ಕೂಡಲೇ ಗಡಸುತನ ನೋಡಿಸು. ವ್ಯಾಸ 20 ಎಂಎಂ ಇದ್ದರೆ 25 ಮಾಡು. ಬಾಗುವುದಕ್ಕೆ ತಡೆಯುವ ಬಲ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ, ಹತ್ತಿರಹತ್ತಿರ ಎರಡು ಪಟ್ಟು ಸಿಗುತ್ತದೆ. 300 ಎಂಎಂ ಉದ್ದದ ಶಾಫ್ಟಿಗೆ ಹೆಚ್ಚುವ ತೂಕ ಬರೀ 400 ಗ್ರಾಂ. ಇಡೀ ರೋಬೋಟಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಬಲ ಬೇರೆಲ್ಲೂ ಸಿಗುವುದಿಲ್ಲ. ಇನ್ನೊಂದು ಮಾತು. ಶಾಫ್ಟು ತಿರುಗುವುದೇ ಬೇಡ. ಅದನ್ನು ಎರಡೂ ಬದಿಯ ಪ್ಲೇಟಿಗೆ ಬಿಗಿದು ನಿಲ್ಲಿಸಿಬಿಡು, 6205 ಬೇರಿಂಗುಗಳನ್ನು ಡ್ರಮ್ಮಿನ ಒಳಗೆ ಕೂರಿಸು, ಡ್ರಮ್ ಮಾತ್ರ ತಿರುಗಲಿ. ಆಗ ಆ ಶಾಫ್ಟೇ ಮನೆಯ ತೊಲೆಯ ಹಾಗೆ ಎರಡು ಗೋಡೆಗಳನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಎಡಗಡೆಯ ವೆಲ್ಡಿಂಗು ಬಿಟ್ಟದ್ದಕ್ಕೂ ಆ ಬದಿಯ ಪ್ಲೇಟು ಅಲುಗಾಡಿದ್ದೇ ಕಾರಣ ಇರಬಹುದು. ಬಿರುಕಿನ ಮೇಲೆ ಮತ್ತೆ ವೆಲ್ಡಿಂಗ್ ಎಳೆಯಬೇಡ. ಗ್ರೈಂಡರಿನಲ್ಲಿ ಪೂರ್ತಿ ಕೆತ್ತಿ ತೆಗೆದು, ಬುಡದಿಂದ ತುಂಬಿಸಬೇಕು. ಮುಂದಿನ ಪ್ಲೇಟನ್ನಂತೂ ವೆಲ್ಡ್ ಮಾಡಲೇಬೇಡ. ನಡುವೆ ರಬ್ಬರ್ ಪಟ್ಟಿ ಕೊಟ್ಟು 12.9 ಗ್ರೇಡಿನ (ತುಂಬ ಗಟ್ಟಿ ಉಕ್ಕಿನ) ಆಲನ್ ಬೋಲ್ಟಿನಲ್ಲಿ ಕೂರಿಸು, ಬಾಗಿದರೆ ಹತ್ತು ನಿಮಿಷದಲ್ಲಿ ಬೇರೆಯದು.

ನೀನು ಕೇಳದ ಒಂದು ವಿಷಯ ಹೇಳುತ್ತೇನೆ. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು. ಹಲ್ಲು ಎರಡು, ಅಂದರೆ ಸೆಕೆಂಡಿಗೆ 200 ಸಲ ಹಲ್ಲು ಎದುರು ಬರುತ್ತದೆ. ನೀವು ಎದುರಾಳಿಯ ಮೇಲೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನುಗ್ಗಿದರೆ ಒಂದು ಹಲ್ಲು ದಾಟಿ ಇನ್ನೊಂದು ಬರುವಷ್ಟರಲ್ಲಿ ಅವನು ಒಳಗೆ ಬಂದಿರುವುದು 15 ಎಂಎಂ ಮಾತ್ರ. ಒಂದೇ ಹಲ್ಲಿದ್ದರೆ 30. ಎದುರು ಬದಿಗೆ ಸಮತೂಕ ಕೊಟ್ಟು ಒಂದು ಹಲ್ಲು ತೆಗೆದುಹಾಕು. ಮೋಟಾರಿಗೆ ಒಂದು ಪೈಸೆ ಖರ್ಚಿಲ್ಲದೆ ಕಚ್ಚುವ ಆಳ ಎರಡು ಪಟ್ಟಾಯಿತು. ಡ್ರಮ್ಮಿನ ವೇಗ ಹೆಚ್ಚಿಸಿದಷ್ಟೂ ಕಚ್ಚು ಕಡಿಮೆ, ಬರೀ ಕಿಡಿ ಜಾಸ್ತಿ. ಜನ ಚಪ್ಪಾಳೆ ಹೊಡೆಯುವುದು ಕಿಡಿಗೆ, ಅದು ಬೇರೆ ವಿಷಯ.

ನಮ್ಮೂರ ಕಡೆ ಕೋಳಿ ಅಂಕ ನೋಡಿದವರಿಗೆ ಗೊತ್ತು, ಕೋಳಿಯ ಕಾಲಿಗೆ ಕಟ್ಟುವ ಬಾಳು (ಸಣ್ಣ ಕತ್ತಿ) ಎಷ್ಟು ಹರಿತ ಅನ್ನುವುದಕ್ಕಿಂತ ಆ ಕಾಲಿಗೆ ದಾರ ಹೇಗೆ ಸುತ್ತಿದ್ದಾನೆ ಅಂತ ಹಿರಿಯರು ಬಗ್ಗಿ ನೋಡುತ್ತಿದ್ದರು. ನೀವು ಐದೂ ಜನ ಒಂದು ನೋಟುಬುಕ್ ಹಿಡಿದು ಕೂತು, ಒಂದೊಂದು ಬಿಡಿಭಾಗವನ್ನೂ ತಕ್ಕಡಿಗೆ ಹಾಕಿ ಗ್ರಾಂ ಸಮೇತ ಬರೆಯಿರಿ. ಶಾಫ್ಟಿಗೆ ಬೇಕಾದ 400 ಗ್ರಾಂ ಎಲ್ಲಿಂದ ಕದಿಯಬಹುದು ಎಂದು ಆ ಪುಟವೇ ಹೇಳುತ್ತದೆ. ನಮಗೆ ಸಿಕ್ಕಿದ್ದು ಬ್ಯಾಟರಿಯ ಡಬ್ಬಿಯಲ್ಲಿ. ಸುಮ್ಮನೆ 3 ಎಂಎಂ ಕಬ್ಬಿಣ ಹಾಕಿದ್ದರು ಹುಡುಗರು.

ಪ್ರಶ್ನೆ: ಮಗ ಮತ್ತವನ ಸ್ನೇಹಿತರು ರೋಬೋಟಿನ ಬ್ಯಾಟರಿಯನ್ನು ಅಡುಗೆಮನೆ ಕಟ್ಟೆಯ ಮೇಲೆ ರಾತ್ರಿ ಚಾರ್ಜಿಗೆ ಇಟ್ಟು ಮಲಗುತ್ತಾರೆ. ಒಂದು ಬ್ಯಾಟರಿ ಪೂರಿಯ ಹಾಗೆ ಉಬ್ಬಿದೆ. ‘ಏನಾಗಲ್ಲ ಅಮ್ಮ’ ಅನ್ನುತ್ತಾನೆ. ಏನೂ ಆಗುವುದಿಲ್ಲವೇ?
— ಒಬ್ಬ ತಾಯಿ, ಠಾಣೆ

ಉತ್ತರ: ಆಗುತ್ತದೆ ಅಕ್ಕಾ. ಈ ಪುಟವನ್ನು ಮಗನ ಮುಂದೆ ಹಿಡಿಯಿರಿ.

ಅದು ಲಿಥಿಯಂ ಪಾಲಿಮರ್ ಬ್ಯಾಟರಿ. ಆರು ಸೆಲ್ಲಿನದ್ದು ಪೂರ್ತಿ ತುಂಬಿದಾಗ 25.2 ವೋಲ್ಟ್, ಸೆಲ್ಲಿಗೆ 4.2. ಅದಕ್ಕಿಂತ ಮೇಲೆ ತುಂಬಿದರೆ ಅಥವಾ ಹೊಡೆತ ಬಿದ್ದು ಒಳಗಿನ ಪದರ ಹರಿದರೆ ಬೆಂಕಿ. ಉಬ್ಬಿದ್ದು ಅಂದರೆ ಒಳಗೆ ಆಗಲೇ ಗ್ಯಾಸ್ ಆಗಿದೆ ಎಂದು. ಅದಕ್ಕೆ ಇನ್ನು ಚಾರ್ಜೂ ಬೇಡ, ಪಂದ್ಯವೂ ಬೇಡ. ಬಯಲಿಗೆ ಒಯ್ದು ಲಾರಿಯ 24 ವೋಲ್ಟಿನ ಬಲ್ಬು ಜೋಡಿಸಿ, ಬಲ್ಬು ಪೂರ್ತಿ ಮಂಕಾಗುವವರೆಗೆ ಖಾಲಿ ಮಾಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಲಿ. ಕಸದ ಬುಟ್ಟಿಗೆ ಬೇಡ.

ಉಳಿದವನ್ನು ಹಗಲು ಹೊತ್ತು, ಎದುರಿಗೆ ಕೂತು, ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ ತುಂಬಬೇಕು. 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್, ಅವಸರ ಅಂತ 10 ಅಲ್ಲ. ಕೆಳಗೆ ದೊಡ್ಡ ಮಣ್ಣಿನ ಕುಂಡ ಇಡಿ, ಸುತ್ತ ಒಣ ಮರಳು. ಗ್ಯಾಸ್ ಸಿಲಿಂಡರ್ ಇರುವ ಕೋಣೆ ಅಂತೂ ಸುತರಾಂ ಬೇಡ. ಪಂದ್ಯ ಇಲ್ಲದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟಿಗೆ ತಂದು ಇಡಬೇಕು. ಪೂರ್ತಿ ತುಂಬಿ ಕಪಾಟಿನಲ್ಲಿ ಇಟ್ಟರೂ ಅದು ಕೆಡುತ್ತದೆ. ಹೊತ್ತಿಕೊಂಡರೆ ಆ ಹೊಗೆ ಕುಡಿಯಬಾರದು. ಎಲ್ಲರೂ ಹೊರಗೆ ಬಂದು 101ಕ್ಕೆ ಫೋನ್ ಮಾಡಿ. ಮಗ ‘ಏನಾಗಲ್ಲ’ ಅಂದರೆ, ಹಾಗಿದ್ದರೆ ನಿನ್ನ ಹಾಸಿಗೆಯ ಕೆಳಗಿಟ್ಟುಕೋ ಅನ್ನಿ.

ಪ್ರಶ್ನೆ: ನಮ್ಮ ಕಟ್ಟಡದ ಟೆರೇಸಿನಲ್ಲಿ, ಯಾರೂ ಇಲ್ಲದಾಗ ಡ್ರಮ್ ತಿರುಗಿಸಿ ನೋಡಬಹುದೇ? ಪಂದ್ಯಕ್ಕೆ ಮೊದಲು ಅಭ್ಯಾಸ ಬೇಕಲ್ಲ.
— ಮುಲುಂಡ್

ಉತ್ತರ: ಬೇಡ. ಮೇಲಿನ ಹುಡುಗಿಯ ಡ್ರಮ್ಮನ್ನೇ ತೆಗೆದುಕೊಳ್ಳಿ. ಒಳಗೆಲ್ಲ ತುಂಬಿದ ಗಟ್ಟಿ ಉರುಳೆಯೆಂದು ಲೆಕ್ಕ ಹಾಕಿದರೂ 6000 ಆರ್‌ಪಿಎಂನಲ್ಲಿ ಅದರೊಳಗೆ 6300 ಜೂಲ್ ಇದೆ, ತೂಕ ಹೊರ ಅಂಚಿನಲ್ಲಿದ್ದರೆ ಇನ್ನೂ ಹೆಚ್ಚು. 60 ಕಿಲೋ ಅಕ್ಕಿ ಮೂಟೆ ಹತ್ತು ಮೀಟರಿಗೂ ಮೇಲಿನ ಎತ್ತರದಿಂದ ಬಿದ್ದ ಹಾಗೆ. ಡ್ರಮ್ಮಿನ ಅಂಚಿನ ವೇಗ ಗಂಟೆಗೆ 180 ಕಿಲೋಮೀಟರ್. ಒಂದು ಬೋಲ್ಟು ಕಿತ್ತುಕೊಂಡು ಹಾರಿದರೆ ಅದು ನಿಮ್ಮ ಸೊಸೈಟಿಯ ಗಡಿಯಲ್ಲಿ ನಿಲ್ಲುವುದಿಲ್ಲ. ಟೆರೇಸಿನಲ್ಲಿ ಡ್ರಮ್ ಬೆಲ್ಟು ತೆಗೆದಿಟ್ಟು ಓಡಿಸುವ ಅಭ್ಯಾಸ ಮಾಡಿ. ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಓಡಿಸಲು ಬಾರದೆ. ರಿಮೋಟ್ ಆಫ್ ಮಾಡಿದರೆ ಗಾಲಿ ತಕ್ಷಣ ನಿಲ್ಲುತ್ತದೆಯೇ ಎಂದು ಮಾತ್ರ ಪ್ರತಿ ಸಲ ನೋಡಿಕೊಳ್ಳಿ, ರೋಬೋಟನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು.

ಪ್ರಶ್ನೆ: ಹಾರ್ಡಾಕ್ಸ್ ಎಂಬ ಗಡಸು ಉಕ್ಕಿನ ಪ್ಲೇಟನ್ನು ಎಂಎಸ್ ತರಹ ವೆಲ್ಡ್ ಮಾಡಿದೆವು. ಸಂಜೆ ಚೆನ್ನಾಗಿತ್ತು, ಮರುದಿನ ಬೆಳಿಗ್ಗೆ ಕೂದಲೆಳೆಯ ಬಿರುಕು. ಯಾರೂ ಮುಟ್ಟಿಲ್ಲ.
— ಭೋಸರಿ, ಪುಣೆ

ಉತ್ತರ: ತಿಂಗಳು ಬರೆದಿಲ್ಲ ನೀವು, ಆದರೂ ಹೇಳುತ್ತೇನೆ, ಜುಲೈ ಇರಬೇಕು. ವೆಲ್ಡಿಂಗ್ ರಾಡಿನ ಮೇಲಿನ ಲೇಪ ಮಳೆಗಾಲದ ತೇವ ಹೀರಿರುತ್ತದೆ. ವೆಲ್ಡಿಂಗ್ ಬಿಸಿಗೆ ಆ ನೀರು ಒಡೆದು ಹೈಡ್ರೋಜನ್ ಲೋಹದೊಳಗೆ ಸೇರುತ್ತದೆ. ಗಡಸು ಉಕ್ಕಿನಲ್ಲಿ ಅದು ನಿಧಾನಕ್ಕೆ, ಗಂಟೆಗಟ್ಟಲೆ ಆದ ಮೇಲೆ ಬಿರುಕು ಬಿಡಿಸುತ್ತದೆ. ಒಮ್ಮೊಮ್ಮೆ ಎರಡು ದಿನ ಕಳೆದ ಮೇಲೆ. 7018 ರಾಡು ತೆಗೆದುಕೊಂಡು, ಓವನ್ನಿನಲ್ಲಿ 300–350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಬಳಸಿ. ಪ್ಲೇಟಿನ ಮೇಲಿನ ಎಣ್ಣೆ, ಬಣ್ಣ, ತುಕ್ಕು ಪೂರ್ತಿ ಹೋಗಿರಬೇಕು.

ಹಾರ್ಡಾಕ್ಸ್ 450 ಅಂದರೆ 450 ಬ್ರಿನೆಲ್ ಆಸುಪಾಸಿನ ಗಡಸುತನ. 250 ಡಿಗ್ರಿ ದಾಟಿ ಬಿಸಿಯಾದ ಕಡೆ ಆ ಗುಣ ಹೋಗುತ್ತದೆ. ಹಾಗಾಗಿ ಗ್ಯಾಸ್ ಕಟಿಂಗ್ ಬೇಡ, ನೀರಿನ ಧಾರೆಯಲ್ಲಿ ಕತ್ತರಿಸುವ ವಾಟರ್‌ಜೆಟ್ಟಿನಲ್ಲಿ ಕುಯ್ಯಿಸಿ, ತೂತುಗಳನ್ನೂ ಅಲ್ಲೇ ಹೊಡೆಸಿಬಿಡಿ. ಸಾದಾ ಡ್ರಿಲ್‌ಬಿಟ್ ಅದರ ಮೇಲೆ ಅಳುತ್ತದೆ.

ಪ್ರಶ್ನೆ: ನನಗೆ 17 ವರ್ಷ. ನೇರವಾಗಿ 60 ಕಿಲೋ ರೋಬೋಟೇ ಮಾಡಬೇಕೆಂದಿದ್ದೇನೆ. ಅಮೆರಿಕದ ಟಿವಿ ಸ್ಪರ್ಧೆ ಬ್ಯಾಟಲ್‌ಬಾಟ್ಸಿನಲ್ಲಿ 113 ಕಿಲೋ ಇರುತ್ತದಲ್ಲ, ಅದರ ಮುಂದೆ ಇದು ಚಿಕ್ಕದೇ.
— ವಾಸ್ಕೋ, ಗೋವಾ

ಉತ್ತರ: ಅಂಗೈ ಮೇಲೆ ಕೂರುವ ಒಂದೂವರೆ ಕಿಲೋದ್ದು ಮೊದಲು ಮಾಡು ಮಾರಾಯಾ. ಅದೂ ಒಡೆಯುತ್ತದೆ, ಆದರೆ ಅಪ್ಪನ ಜೇಬು ಒಡೆಯುವುದಿಲ್ಲ. ಸಮುದ್ರದ ಪಕ್ಕದಲ್ಲಿದ್ದೀಯ, ಬೇರಿಂಗು, ಬೋಲ್ಟುಗಳಿಗೆ ಗ್ರೀಸು ಸವರಿಡು.

ಪ್ರಶ್ನೆ: ಇಷ್ಟೊಂದು ದುಡ್ಡು, ನಿದ್ದೆ ಖರ್ಚು ಮಾಡಿ ಮೂರು ನಿಮಿಷದಲ್ಲಿ ಒಡೆದುಕೊಳ್ಳುವುದೇಕೆ? ಮೊಮ್ಮಗನನ್ನು ಕೇಳಿದರೆ ನಗುತ್ತಾನೆ.
— ಹಿರಿಯ ಓದುಗರು, ಮಾಟುಂಗ

ಉತ್ತರ: ನಾನೂ ಕೇಳಿದ್ದೆ ರಾಯರೇ, ಅಳಿಯನೂ ನಕ್ಕ. ಆಮೇಲೆ ಒಂದು ಸಲ ಪವೈಗೆ, ಐಐಟಿಯ ಟೆಕ್‌ಫೆಸ್ಟಿಗೆ ಅವನ ಜೊತೆ ಹೋದೆ. ಪಂದ್ಯಕ್ಕಿಂತ ನನಗೆ ಹಿಡಿಸಿದ್ದು ಹಿಂದಿನ ಟೇಬಲ್ಲುಗಳ ಸಾಲು. ಅಲ್ಲಿ ಹುಡುಗರು ಉಪ್ಪಿಟ್ಟು ತಿನ್ನುತ್ತಲೇ ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದಿದ್ದರು. ನಮ್ಮ ಒಂದು ಬೇರಿಂಗು ಹೋಗಿತ್ತು, ಅರ್ಧ ಗಂಟೆಯಲ್ಲಿ ಮುಂದಿನ ಸುತ್ತು. ತಮ್ಮ ಡಬ್ಬಿ ತಡಕಾಡಿ 6205 ತೆಗೆದುಕೊಟ್ಟವರು ಆ ಸುತ್ತಿನಲ್ಲಿ ನಮ್ಮೆದುರೇ ಇಳಿಯಬೇಕಿದ್ದ ತಂಡ. ಕೂರಿಸುವಾಗ ಅವರ ಪೈಕಿ ಒಬ್ಬ ಟಾರ್ಚು ಕೂಡ ಹಿಡಿದ. ಆಮೇಲೆ ಒಳಗೆ ಹೋಗಿ ನಮ್ಮನ್ನು ಚೆನ್ನಾಗಿ ಹೊಡೆದರು. ಆ ಬೇರಿಂಗು ಇನ್ನೂ ನನ್ನ ಗಾಲಾದಲ್ಲೇ ಇದೆ. ಆ ಹುಡುಗರ ಮನೆಯಲ್ಲಿ ಯಾರಾದರೂ ಕನ್ನಡ ಓದುವವರಿದ್ದರೆ, ಬಂದು ತೆಗೆದುಕೊಂಡು ಹೋಗಲಿ.