ಹಂಚಿಗೆ ಹತ್ತುವ ಮೀನು, ಹೊತ್ತುವ ಪಾಕ

ಪ್ರಶ್ನೆ: ಅಕ್ಕಾ, ನಮ್ಮವರು ಆಲಮಟ್ಟಿ ಹಿನ್ನೀರಿನ ರೋಹು ತಂದಿದ್ದರು. ಮೊಬೈಲಿನಲ್ಲಿ ನೋಡಿದ ಹಾಗೆ ಜೇನುತುಪ್ಪ, ಖಾರದಪುಡಿ ಸವರಿ ಒಂದು ತಾಸು ನೆನೆಸಿ ಹಂಚಿಗೆ ಹಾಕಿದೆ. ಹೊರಗೆ ಕರಕಲು, ಒಳಗೆ ಹಸಿ. ಅರ್ಧ ಮೀನು ಹಂಚಿಗೇ ಹತ್ತಿಕೊಂಡಿತು. ಹೋಟೆಲಿನವರ ಹಾಗೆ ಮಿರಮಿರ ಹೊಳೆಯಬೇಕಾದರೆ ಏನು ಮಾಡಬೇಕು? ನಾನು ಕೆಲಸದಿಂದ ಬರುವುದೇ ಏಳು ಗಂಟೆಗೆ.
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ತಂಗಿ, ಸಿಹಿ ಹಚ್ಚಿ ನೆನೆಸಿದ್ದೇ ಎಲ್ಲಾ ರಗಳೆಗೆ ಮೂಲ. ಜೇನು ಸುಮಾರು 110 ಡಿಗ್ರಿಗೇ ಕೆಂಪಾಗಲು ಶುರುವಾಗುತ್ತದೆ. ಕಾದ ಹಂಚು ಅದಕ್ಕಿಂತ ಎಷ್ಟೋ ಬಿಸಿ. ಮೀನು ಬೇಯಲು ಏಳೆಂಟು ನಿಮಿಷ ಬೇಕು, ಅಷ್ಟರಲ್ಲಿ ಸಿಹಿ ಹೊತ್ತದೆ ಇರುತ್ತದಾ? ಪಾಕ ಬೇರೆ ಮಾಡಿ, ಮೀನು ಬೇರೆ ಬೇಯಿಸಿ, ಕೊನೆಗೆ ಕೂಡಿಸಿ.

ಮತ್ತೆ ಜೇನು ಯಾಕೆ, ಮಹಾಲಿಂಗಪುರದ ಬೆಲ್ಲ ಇಷ್ಟು ಹತ್ತಿರ ಇರುವಾಗ? ಅರ್ಧ ಕಿಲೋ ಮೀನಿಗೆ ಎರಡು ದೊಡ್ಡ ಚಮಚ ಪುಡಿ ಬೆಲ್ಲ, ಒಂದು ಚಮಚ ಗಟ್ಟಿ ಹುಣಸೆರಸ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚಮಚ ಬ್ಯಾಡಗಿ ಖಾರ, ಚಿಟಿಕೆ ಉಪ್ಪು, ಮೂರು ಚಮಚ ನೀರು. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಕಬ್ಬಿಣದ್ದು ಬೇಡ, ಹುಣಸೆ ಬಿದ್ದರೆ ಕರಿ ಬಣ್ಣ ಬಿಡುತ್ತದೆ. ಚಮಚದ ಬೆನ್ನಿಗೆ ತೆಳ್ಳಗೆ ಅಂಟಿದರೆ ಸಾಕು, ಇಳಿಸಿಬಿಡಿ. ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ.

ಈಗ ಮೀನು. ಹೊಟ್ಟೆಯೊಳಗಿನ ಕರಿ ಪೊರೆ ಉಜ್ಜಿ ತೆಗೆಯಿರಿ. ಉಪ್ಪು, ಅರಿಸಿನ, ನಿಂಬೆರಸ ಸವರಿ ಹತ್ತು ನಿಮಿಷ ಬಿಟ್ಟು ತೊಳೆದರೆ ಕೆಸರು ವಾಸನೆ ಕಡಿಮೆಯಾಗುತ್ತದೆ. ಆಮೇಲೆ ಹಳೇ ಕಾಟನ್ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ. ಇದನ್ನು ಮಾತ್ರ ಸೋಮಾರಿತನದಿಂದ ಬಿಡಬೇಡಿ. ಒದ್ದೆ ಮೀನು ಹಂಚಿನ ಮೇಲೆ ನೀರು ಬಿಡುತ್ತದೆ, ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಹತ್ತಿಕೊಳ್ಳುವುದೂ ಅದಕ್ಕೇ. ಉಪ್ಪು ಸವರಿ, ಚೆನ್ನಾಗಿ ಕಾದ ಹಂಚಿಗೆ ಎಣ್ಣೆ ಬಿಟ್ಟು, ತುಂಡು ಇಟ್ಟು ಕೈ ಬಿಡಿ! ನಾಲ್ಕು ನಿಮಿಷ ಮುಟ್ಟಬೇಡಿ. ಕೆಳಗೆ ಗರಿಯಾದರೆ ಮೀನು ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಇನ್ನೂ ಸ್ವಲ್ಪ ಕಾಯಿರಿ, ಕೆದಕಬೇಡಿ. ಮಗುಚಿ ಮತ್ತೆ ಮೂರು ನಿಮಿಷ.

ಉರಿ ಸಣ್ಣ ಮಾಡಿ ಪಾಕ ಸುರಿಯಿರಿ. ಗುಳ್ಳೆ ಎದ್ದು ಅಂಚಿನಲ್ಲಿ ಕೆಂಪು ನೊರೆ ಬರುತ್ತದೆ. ಆಗ ಒಂದು ಸಲ ಹೊರಳಿಸಿ, ಇಳಿಸಿ. ಒಂದೇ ನಿಮಿಷದ ಕೆಲಸ. ಬಿಸಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ಇದ್ದರೆ ಬೇರೇನೂ ಬೇಡ. ಆದರೆ ರೋಹುವಿನಲ್ಲಿ ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ನೀವೇ ಬಿಡಿಸಿ ಕೊಡಿ.

ಪ್ರಶ್ನೆ: ಸಮುದ್ರದ ಸುರಮೈಗೂ ಇದೇ ಪಾಕ ಆಗುತ್ತದಾ?
– ಓದುಗರು, ಬೆಳಗಾವಿ

ಉತ್ತರ: ಧಾರಾಳವಾಗಿ. ಕೆಸರು ವಾಸನೆಯ ಕಾಟವಿಲ್ಲ, ನಿಂಬೆಯಲ್ಲಿ ತೊಳೆಯುವುದು ಬೇಡ. ಮುಳ್ಳೂ ಕಡಿಮೆ. ಬೇಗ ಒಣಗುವ ಮೀನು, ಹಾಗಾಗಿ ಒಂದೊಂದು ಕಡೆ ಮೂರೇ ನಿಮಿಷ. ಹುಣಸೆ ಬದಲು ನಿಮ್ಮೂರಿನಲ್ಲಿ ಸಿಗುವ ಆಮಸೂಲ (ಒಣಗಿಸಿದ ಮುರುಗಲ ಹುಳಿ ಸಿಪ್ಪೆ) ಹಾಕಿ ನೋಡಿ, ನನಗಂತೂ ಅದೇ ಹೆಚ್ಚು ಇಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಗೋವಾ, ಕಾರವಾರದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ದುಬಾರಿ ಐಸ್ ಮೀನಿಗೆ ಸುಮ್ನೆ ದುಡ್ಡು ಸುರಿಯುವ ಬದಲು ಹೊಳೆಯ ಕಾಟ್ಲಾ ಕೊಳ್ಳಿ.