ತರಕಾರಿ ಮುಟ್ಟದ ಮಗುವಿಗೆ ಯಾವ ಹೆಲ್ತ್ ಡ್ರಿಂಕ್? ಯಾವುದೂ ಬೇಡ

ಮಗ ಎರಡನೇ ಕ್ಲಾಸು, ತರಕಾರಿ ಮುಟ್ಟುವುದಿಲ್ಲ, ಟಿಫಿನ್ ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತದೆ, ಯಾವ ಹೆಲ್ತ್ ಡ್ರಿಂಕ್ ಒಳ್ಳೆಯದು, ಜೊತೆಗೆ ಒಂದು ಊಟದ ಚಾರ್ಟ್ ಕೊಡಿ ಅಂತ ಕೇಳಿದ್ದೀರಿ. ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಇನ್ನೊಂದು ಸಾಲು ಇದೆ: ಚಾಕೊಲೇಟ್ ಕೊಡುತ್ತೇನೆ ಅಂದರೆ ಮಾತ್ರ ನಾಲ್ಕು ತುತ್ತು ತಿನ್ನುತ್ತಾನೆ. ಚಾರ್ಟ್ ಆಮೇಲೆ ನೋಡೋಣ. ನಿಮ್ಮ ನಿಜವಾದ ಪ್ರಶ್ನೆ ಆ ಕೊನೆಯ ಸಾಲಿನಲ್ಲೇ ಇದೆ. ನಾನು ಅದೇ ಚಾಕೊಲೇಟ್ ವ್ಯಾಪಾರ ಮಾಡಿ ಕೈ ಸುಟ್ಟುಕೊಂಡವನು.

ನಾನು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೆಂಡತಿ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಆಯನೂರು ಕಡೆಯ ಬಸ್ ಹತ್ತಿದರೆ ಮನೆ ಸೇರುವುದು ಸಂಜೆ ಕಳೆದ ಮೇಲೆ. ಹಾಗಾಗಿ ಮಗಳಿಗೆ ತಿಂಡಿ ಮಾಡಿಸುವುದು, ಡಬ್ಬಿ ತುಂಬುವುದು, ರಾತ್ರಿ ಊಟಕ್ಕೆ ಕೂರಿಸುವುದು ನನ್ನ ಪಾಲಿಗೆ ಬಂತು. ಅಪ್ಪ ಮಗುವಿಗೆ ಊಟ ಮಾಡಿಸಿದರೆ ಅಕ್ಕಪಕ್ಕದವರು ಹೊಗಳುತ್ತಾರೆ. ಅಮ್ಮ ಮಾಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಬೇರೆ ವಿಷಯ. ಆ ಹೊಗಳಿಕೆಗೆ ನಾನೂ ಸ್ವಲ್ಪ ಉಬ್ಬಿದ್ದೆ.

ಒಂದು ರಾತ್ರಿ ಹರಿವೆ ಸೊಪ್ಪಿನ ಪಲ್ಯ ಹಾಕಿದರೆ ಮಗಳು ಬಾಯಿ ತೆರೆಯಲಿಲ್ಲ. ಮಂಡಿಯಿಂದ ಸುಸ್ತಾಗಿ ಬಂದಿದ್ದೆ. "ಎರಡೇ ತುತ್ತು ಪುಟ್ಟಿ, ತಿಂದ್ರೆ ಚಾಕೊಲೇಟ್" ಅಂದೆ. ಗಬಗಬನೆ ತಿಂದಳು. ಅಯ್ಯೋ, ಇಷ್ಟು ಸುಲಭವಾ ಅನ್ನಿಸಿತು. ಹೆಂಡತಿ ಮಾತ್ರ "ಇದೆಲ್ಲ ಬೇಡ ಕಣ್ರೀ" ಅಂದಳು. ತಟ್ಟೆ ಖಾಲಿಯಾಗುತ್ತಿದೆಯಲ್ಲ ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಡಿಯಲ್ಲಿ ರಾಶಿ ಅಡಿಕೆಯ ರೇಟು ಒಂದು ದಿನ ಏರಿದರೆ ಇನ್ನೊಂದು ದಿನ ಇಳಿಯುತ್ತದೆ. ನನ್ನ ಮಗಳ ರೇಟು ಏರಿದ್ದು ಇಳಿಯಲೇ ಇಲ್ಲ. ಎರಡು ತುತ್ತಿಗೆ ಒಂದು ಚಾಕೊಲೇಟ್ ಇದ್ದದ್ದು ತುತ್ತಿಗೊಂದು ಆಯಿತು. ಆಮೇಲೆ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ. ಆಮೇಲೆ ಪೊಟ್ಟಣದ ಜೊತೆಗೆ ಮೊಬೈಲ್. ಕೊನೆಗೆ ಮೊದಲು ಪೊಟ್ಟಣ ತೋರಿಸಿದರೆ ಮಾತ್ರ ತಟ್ಟೆಯ ಮುಂದೆ ಕೂರುವುದು.

ಇಷ್ಟೇ ಆಗಿದ್ದರೆ ಹಟ ಅಂದುಕೊಂಡು ಸುಮ್ಮನಿರಬಹುದಿತ್ತು. ನನಗೆ ದಿಗಿಲಾಗಿದ್ದು ಬಸಳೆಯಿಂದ. ಬಸಳೆ ಹುಳಿ ಅಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ. ದಂಟನ್ನು ಚೀಪಿ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಅದಕ್ಕೆ ಯಾರೂ ಯಾವತ್ತೂ ಏನೂ ಕೊಟ್ಟಿರಲಿಲ್ಲ. ಒಂದು ದಿನ ಬಸಳೆ ಬಡಿಸಿದೆ. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು, "ಇದಕ್ಕೆ ಏನು ಕೊಡ್ತೀಯಾ ಅಪ್ಪಾ?" ಅಂದಳು. ತಾನಾಗಿ ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೂ ನಾನು ಕೂಲಿ ಕೆಲಸ ಮಾಡಿಟ್ಟಿದ್ದೆ.

ಇದನ್ನು ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಸೆ ತೋರಿಸಿ ತಿನ್ನಿಸುವಾಗ ಮಗುವಿಗೆ ನಾವು ಎರಡು ಪಾಠ ಒಟ್ಟಿಗೆ ಹೇಳಿಕೊಡುತ್ತೇವೆ. ಪಲ್ಯವನ್ನು ಕೂಲಿ ಕೊಡದೆ ಯಾರೂ ತಿನ್ನುವುದಿಲ್ಲ ಅನ್ನುವುದು ಒಂದು. ಚಾಕೊಲೇಟ್ ಅಂದರೆ ಕಷ್ಟಪಟ್ಟು ಗಳಿಸಬೇಕಾದ ದೊಡ್ಡ ವಸ್ತು ಅನ್ನುವುದು ಇನ್ನೊಂದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರ ದಶಕದಲ್ಲೇ ಪುಟ್ಟ ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಬಹುಮಾನವಾಗಿ ಕೊಟ್ಟ ತಿನಿಸಿನ ಮೇಲೆ ಮಕ್ಕಳ ಆಸೆ ಏರಿತು. ಬಹುಮಾನಕ್ಕಾಗಿ ಕುಡಿಸಿದ ಪಾನೀಯದ ಮೇಲೆ ಇದ್ದ ಇಷ್ಟವೂ ಇಳಿಯಿತು. ಒತ್ತಾಯದ ಕಥೆಯೂ ಹಾಗೇ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ "ಸೂಪ್ ಮುಗಿಸು, ಮುಗಿಸು" ಅಂತ ಬೆನ್ನು ಹತ್ತಿದಾಗ ಮಕ್ಕಳು ಕುಡಿದದ್ದು ಕಡಿಮೆ, ಗೊಣಗಿದ್ದು ಜಾಸ್ತಿ. ಒಂದು ಚೂರು ರುಚಿ ನೋಡಿದ್ದಕ್ಕೆ ಸ್ಟಿಕ್ಕರ್ ಕೊಟ್ಟರೆ ಲಾಭವಿದೆ ಅನ್ನುವ ಅಧ್ಯಯನಗಳೂ ಇವೆ. ಇರಲಿ. ರೇಟು ಹೇಗೆ ಏರುತ್ತದೆ ಅಂತ ಕಂಡಿರುವ ನಾನು ಆ ದಾರಿಗೂ ಹೋಗುವುದಿಲ್ಲ.

ಹೊಟ್ಟೆಯ ಲೆಕ್ಕವೂ ತಪ್ಪಿತ್ತು. ರಾತ್ರಿ ಗಳಿಸಿದ ಪೊಟ್ಟಣ ಮರುದಿನ ಸಂಜೆ ಐದಕ್ಕೆ ಒಡೆಯುವುದು. ಎಂಟಕ್ಕೆ ಊಟಕ್ಕೆ ಕೂತರೆ ಹಸಿವೆಲ್ಲಿರುತ್ತದೆ? ಹಸಿವಿಲ್ಲದ ಮಗುವಿಗೆ ತಿನ್ನಿಸಲು ಇನ್ನೊಂದು ಪೊಟ್ಟಣ. ಮೊಬೈಲ್ ನೋಡುತ್ತಾ ತಿಂದರೆ ಏನು ತಿಂದೆ, ಹೊಟ್ಟೆ ತುಂಬಿತೋ ಇಲ್ಲವೋ ಅನ್ನುವುದೂ ಮಗುವಿಗೆ ಗೊತ್ತಾಗುವುದಿಲ್ಲ.

ಬೆಲೆ ತೆತ್ತದ್ದು ಮಗಳು. ಒಂದನೇ ಕ್ಲಾಸು ಮುಗಿಯುವ ಹೊತ್ತಿಗೆ ದವಡೆಯ ಹಾಲು ಹಲ್ಲುಗಳು ಹುಳುಕಾಗಿದ್ದವು. ಒಂದನ್ನಂತೂ ಉಳಿಸಲು ಆಗಲಿಲ್ಲ. "ಹೇಗಿದ್ರೂ ಬೀಳೋ ಹಲ್ಲಲ್ವಾ ಡಾಕ್ಟ್ರೇ" ಅಂದೆ. ಅವರು ನನ್ನನ್ನೇ ಕೂರಿಸಿಕೊಂಡು ಬುದ್ಧಿ ಹೇಳಿದರು. ಹಾಲಿನ ದವಡೆ ಹಲ್ಲು ಬೀಳುವ ಕಾಲ ಸುಮಾರು ಒಂಬತ್ತರಿಂದ ಹನ್ನೆರಡು ವರ್ಷ. ಮೊದಲೇ ಕಿತ್ತರೆ ಪಕ್ಕದ ಹಲ್ಲು ವಾಲಿಕೊಂಡು ಹೊಸ ಹಲ್ಲಿಗೆ ಜಾಗ ಇರುವುದಿಲ್ಲ. ಆ ಜಾಗ ಕಾಯಲು ಒಂದು ತಂತಿ ಹಾಕಬೇಕಾಯಿತು. ಹಲ್ಲು ನೋವಿನಲ್ಲಿ ಗಟ್ಟಿ ಪದಾರ್ಥ ಅಗಿಯಲಾಗದೆ ತರಕಾರಿ ಇನ್ನೂ ದೂರವಾಯಿತು.

ಆ ವರ್ಷ ಬೇಸಿಗೆ ರಜೆಯಲ್ಲಿ ಹೊಸನಗರದ ಹತ್ತಿರ ಇರುವ ಅಮ್ಮಮ್ಮನ ಮನೆಗೆ ಅವಳನ್ನು ಬಿಟ್ಟು ಬಂದೆವು. ಉಪವಾಸ ಬೀಳುತ್ತಾಳೆ ಅಂತ ಹೆದರಿ ಚೀಲದಲ್ಲಿ ಚಾಕೊಲೇಟ್ ಕಟ್ಟಿ ಕಳಿಸಿದ್ದೆ. ಹಲ್ಲು ಕಿತ್ತಿಸಿದ ಮೇಲೂ! ಅತ್ತೆ ಅದನ್ನು ಅಟ್ಟದ ಮೇಲಿಟ್ಟು ಮರೆತರು, ಅಥವಾ ಮರೆತ ಹಾಗೆ ಮಾಡಿದರು. ಕರೆದುಕೊಂಡು ಬರಲು ಹೋದಾಗ ನೋಡುತ್ತೇನೆ, ಮಗಳು ಒಂದೆಲಗದ ತಂಬುಳಿ ಕಲಸಿ ಅನ್ನ ಉಣ್ಣುತ್ತಿದ್ದಾಳೆ. ಪಕ್ಕದಲ್ಲಿ ಹಲಸಿನ ಬೀಜದ ಪಲ್ಯ. "ಪುಟ್ಟಿ, ಪಲ್ಯ ತಿಂದ್ಯಾ?" ಅಂತ ನಾನು ಬಾಯಿ ಹಾಕಿದ್ದೇ ತಡ, ಅತ್ತೆ "ನೀವ್ ಸುಮ್ನಿರಿ, ಅದರ ಪಾಡಿಗೆ ಅದು ಉಣ್ತಾ ಇದೆ" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಹಳ್ಳಿ ಗಾಳಿ, ಅಮ್ಮಮ್ಮನ ಕೈರುಚಿ ಅಂತೆಲ್ಲ ಹೇಳುವುದು ಸುಲಭ. ನನಗೆ ಕಂಡದ್ದು ಬೇರೆ. ಅಲ್ಲಿ ಅಂಗಡಿ ಹತ್ತಿರದಲ್ಲಿಲ್ಲ. ದಿನವಿಡೀ ತೋಟದಲ್ಲಿ ಓಡಾಡಿ ಊಟದ ಹೊತ್ತಿಗೆ ನಿಜವಾಗಿ ಹಸಿದಿರುತ್ತಾಳೆ. ಊಟಕ್ಕೆ ಹೊತ್ತು ಅಂತ ಇದೆ. ಮಾವನಿಂದ ಹಿಡಿದು ಅವಳಿಗಿಂತ ಎರಡು ವರ್ಷ ದೊಡ್ಡವನಾದ ಭಾವನವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಅದೇ ಪಲ್ಯ ತಿನ್ನುತ್ತಾರೆ. ಮತ್ತೆ, ಅವಳ ತಟ್ಟೆಯನ್ನು ಯಾರೂ ನೋಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವಳ ತಟ್ಟೆಯ ಮೇಲೆ ಯಾವಾಗಲೂ ಎರಡು ಕಣ್ಣು, ನನ್ನವು.

ಹೆಂಡತಿಗೆ ಹೇಳಿದರೆ ನಕ್ಕಳು. ಅವಳ ಶಾಲೆಯಲ್ಲಿ ದಿನಾ ಕಾಣುವುದು ಇದೇ. ಬಿಸಿಯೂಟದಲ್ಲಿ ಐದನೇ ಕ್ಲಾಸಿನವರೆಗಿನ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ ಲೆಕ್ಕವಿದೆ. 2013ರಿಂದ ಹಾಲು ಬಂತು, ಈಗ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಸಾಂಬಾರಿನಲ್ಲಿ ಮೂಲಂಗಿ ಇರಲಿ, ಮೊಗೆಕಾಯಿ ಇರಲಿ, ಗೆಳೆಯರ ಜೊತೆ ಸಾಲಾಗಿ ಕೂತ ಮಕ್ಕಳು ಉಣ್ಣುತ್ತಾರೆ. ಮನೆಯಲ್ಲಿ ಏನೂ ತಿನ್ನುವುದಿಲ್ಲ ಅಂತ ತಾಯಂದಿರು ದೂರುವ ಮಕ್ಕಳೇ ಅಲ್ಲಿ ಎರಡನೇ ಸಲ ಹಾಕಿಸಿಕೊಳ್ಳುತ್ತಾರಂತೆ. ಫೀಸು ಕಟ್ಟಿ ಬೇರೆ ಶಾಲೆಗೆ ಕಳಿಸುವ ನಾವು ಡಬ್ಬಿಗೆ ಬಿಸ್ಕತ್ತು ತುಂಬುತ್ತೇವೆ!

ಆಮೇಲೆ ನಾವು ಮಾಡಿದ್ದು ಇಷ್ಟು. ಎಲಿನ್ ಸ್ಯಾಟರ್ ಅನ್ನುವ ಆಹಾರ ತಜ್ಞೆಯ ಒಂದು ಸೂತ್ರ ಇದೆ: ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಜವಾಬ್ದಾರಿ, ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು ಅನ್ನುವುದು ಮಗುವಿನದು. ಅತ್ತೆ ಈ ಹೆಸರು ಕೇಳಿಲ್ಲ, ಅವರ ಪದ್ಧತಿ ಮಾತ್ರ ಇದೇ. ಶಾಲೆಯಿಂದ ಬಂದ ಕೂಡಲೇ ಹೊಟ್ಟೆಗೆ ಗಟ್ಟಿಯಾದದ್ದೇನಾದರೂ: ಮೊಸರವಲಕ್ಕಿ, ಬೇಯಿಸಿದ ಶೇಂಗಾ, ಬಾಳೆಹಣ್ಣು. ಅಲ್ಲಿಂದ ರಾತ್ರಿ ಊಟದವರೆಗೆ ನೀರು ಬಿಟ್ಟರೆ ಬೇರೇನಿಲ್ಲ. ಪೊಟ್ಟಣ ಮನೆಗೆ ತರುವುದೇ ನಿಂತಿತು. ಇದು ಕಷ್ಟವಾದದ್ದು ನನಗೆ, ಮಗಳಿಗಲ್ಲ. ಊಟಕ್ಕೆ ಮೂವರೂ ಒಟ್ಟಿಗೆ, ಟಿವಿ ಇಲ್ಲ, ಮೊಬೈಲ್ ಇಲ್ಲ. ತಟ್ಟೆಯಲ್ಲಿ ಅವಳು ಖಂಡಿತ ತಿನ್ನುವಂಥದ್ದು ಒಂದು ಇರಲೇಬೇಕು, ನಮ್ಮಲ್ಲಿ ಅದು ಮೊಸರನ್ನ. ಪಲ್ಯ ಒಂದು ಚಮಚದಷ್ಟು. ಮುಟ್ಟದಿದ್ದರೆ ಮಾತಿಲ್ಲ. ತಿಂದರೂ "ಭೇಷ್" ಇಲ್ಲ. ಹಾಂ, ನಾನೇ ಹಾಗಲಕಾಯಿಯನ್ನು ತಟ್ಟೆಯ ಪಕ್ಕಕ್ಕೆ ಸರಿಸುತ್ತಿದ್ದವನು. ಅದನ್ನೂ ನಿಲ್ಲಿಸಬೇಕಾಯಿತು.

ಮೊದಮೊದಲು ಅತ್ತಳು, ಬರೀ ಮೊಸರನ್ನ ತಿಂದು ಮಲಗಿದಳು. ನನ್ನ ಅಮ್ಮ ಫೋನಿನಲ್ಲಿ "ಮಗೂನ ಒಣಗಿಸ್ತಾ ಇದ್ದೀಯಾ" ಅಂತ ಬೈದರು. ಯಾರೂ ಒಣಗಲಿಲ್ಲ. ಹೊಸ ರುಚಿ ಮಕ್ಕಳಿಗೆ ಒಗ್ಗಲು ಹತ್ತು ಹದಿನೈದು ಸಲ ಎದುರಿಗೆ ಬರಬೇಕು ಅನ್ನುತ್ತಾರೆ. ನಾವು ಎರಡು ಮೂರು ಸಲಕ್ಕೇ "ಇವನಿಗೆ ಇದು ಸೇರಲ್ಲ" ಅಂತ ಬರೆದಿಟ್ಟುಬಿಡುತ್ತೇವೆ. ಬಸಳೆ ಮೊದಲು ವಾಪಸ್ ಬಂತು. ಹರಿವೆಗೆ ಬಹಳ ಕಾಲ ಹಿಡಿಯಿತು. ಹಿತ್ತಲಲ್ಲಿ ಅವಳ ಕೈಯಲ್ಲೇ ಬೀಜ ಹಾಕಿಸಿದ್ದು ಅದಕ್ಕೆ ಸಹಾಯ ಮಾಡಿತು. ಬದನೆಕಾಯಿ ಇವತ್ತಿಗೂ ತಿನ್ನುವುದಿಲ್ಲ. ಬೇಡ ಬಿಡಿ.

ಈಗ ಹೆಲ್ತ್ ಡ್ರಿಂಕ್. ತರಕಾರಿಯ ಬದಲಿಗೆ ಕುಡಿಸುವಂಥ ಪುಡಿ ಯಾವುದೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥವನ್ನು ಹೆಲ್ತ್ ಡ್ರಿಂಕ್ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು, ಯಾಕೆಂದರೆ ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥದ್ದೊಂದು ವರ್ಗವೇ ಇಲ್ಲ. ಡಬ್ಬಿಯ ಹಿಂದೆ ಸಕ್ಕರೆ ಎಷ್ಟು ಅಂತ ಓದಿ. ಮೇಲಿಂದ ಸೇರಿಸಿದ ಸಕ್ಕರೆ, ಜೇನು, ಜ್ಯೂಸಿನ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಿಮ್ಮ ಮಗನಿಗೆ ದಿನಕ್ಕೆ 1,700 ಕ್ಯಾಲೊರಿ ಅಂತ ಹಿಡಿದರೆ ಶೇ 5 ಅಂದರೆ ಸುಮಾರು 21 ಗ್ರಾಂ, ಐದು ಟೀ ಚಮಚ. ಆ ಪುಡಿ ಬೆರೆಸಿದ ಎರಡು ಲೋಟ ಹಾಲು, ನಾಲ್ಕು ಕ್ರೀಮ್ ಬಿಸ್ಕತ್ತು ಆದರೆ ಆ ಲೆಕ್ಕ ಎಲ್ಲಿ ಉಳಿಯುತ್ತದೆ? ಬರೀ ಹಾಲೂ ಲೋಟಗಟ್ಟಲೆ ಕುಡಿಸಿದರೆ ಊಟ ಸೇರುವುದಿಲ್ಲ. ನಮ್ಮ ಕಡೆ ಮಕ್ಕಳಿಗೂ ತಿಂಡಿ ಜೊತೆ ಅರ್ಧ ಲೋಟ ಟೀ ಕೊಡುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಿಸಿ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಟೀ ಬಿಡುವುದಿಲ್ಲ. ಅದರ ಬದಲು ಊಟಕ್ಕೆ ನಿಂಬೆ ಹಿಂಡಿ, ಇಲ್ಲಾ ಒಂದು ಚೂರು ನೆಲ್ಲಿಕಾಯಿ ಕೊಡಿ.

ಡಾಕ್ಟರ್ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ತೂಕ ಇಳಿಯುತ್ತಿದ್ದರೆ, ಮುಖ ಬಿಳಿಚಿಕೊಂಡು ಸದಾ ಸುಸ್ತು ಅನ್ನುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ತಿನ್ನುವುದೇ ನಾಲ್ಕೈದು ಪದಾರ್ಥ ಅಂತಾಗಿದ್ದರೆ ಇಲ್ಲಿ ಉತ್ತರ ಓದುತ್ತಾ ಕೂರಬೇಡಿ. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಅವನಿಗೆ ಸಿಕ್ಕಿದೆಯಾ ಅಂತಲೂ ವಿಚಾರಿಸಿ. ಆ ದಿನ ರಜೆ ಹಾಕಿದ್ದರೆ ತಪ್ಪಿಹೋಗಿರಬಹುದು.

ಚಾರ್ಟ್ ನಾನು ಕೊಡುವುದಿಲ್ಲ. ಸೋಮವಾರ ಇದು, ಮಂಗಳವಾರ ಅದು ಅಂತ ಗೋಡೆಗೆ ಅಂಟಿಸಿದರೆ ಅದನ್ನು ಮುಗಿಸಲು ನೀವು ಮತ್ತೆ ಚಾಕೊಲೇಟ್ ತೆಗೆಯುತ್ತೀರಿ.

ಉಳಿದದ್ದು ಡಬ್ಬಿ. ಅದು ವಾಪಸ್ ಬರುವುದಕ್ಕೆ ರುಚಿಯೇ ಕಾರಣ ಅಂತ ಅಂದುಕೊಳ್ಳಬೇಡಿ. ನನ್ನ ಮಗಳಿಗೆ ಡಬ್ಬಿಯ ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ, ಮಿಸ್ ಹತ್ತಿರ ಕೇಳಲು ನಾಚಿಕೆ. ನಾಳೆ ಖಾಲಿ ಡಬ್ಬಿ ಕೊಟ್ಟು ಅವನ ಕೈಯಲ್ಲೇ ತೆಗೆಸಿ ನೋಡಿ. ಬ್ರೇಕ್ ಎಷ್ಟು ನಿಮಿಷ ಅಂತ ಕೇಳಿ. ಕೈ ತೊಳೆಯುವುದರಲ್ಲೇ ಅರ್ಧ ಹೊತ್ತು ಹೋಗುವುದಾದರೆ ಚಪಾತಿ, ಅಕ್ಕಿ ರೊಟ್ಟಿ ಹಾಕಬೇಡಿ. ಆರಿದ ಮೇಲೆ ಹರಿಯಲು ಆ ಕೈಗೆ ಶಕ್ತಿ ಸಾಲುವುದಿಲ್ಲ. ಕಡುಬನ್ನೋ ಇಡ್ಲಿಯನ್ನೋ ಒಂದೊಂದು ತುತ್ತಿನ ತುಂಡು ಮಾಡಿ, ಅವನು ಮುಗಿಸುವಷ್ಟೇ ಹಾಕಿ. ಆಮೇಲೂ ಉಳಿದು ಬಂದರೆ ಏನು ಉಳಿಯಿತು ಅಂತ ಇಲ್ಲೇ ಬರೆಯಿರಿ, ನೋಡೋಣ.